ಕರವೀರದ ಮಹಾರಾಣಿ ತಾರಾಬಾಯಿ

ಕೊಲ್ಲಾಪುರ ನಗರವನ್ನು ಹೆದ್ದಾರಿಯ ಕಡೆಯಿಂದ ಪ್ರವೇಶಿಸುವವರಿಗೆ ಕಾವಳಾ ನಾಕಾದಲ್ಲಿ ಕುದುರೆಯೇರಿದ ಮಹಾರಾಣಿ ತಾರಾಬಾಯಿಯವರ ಪ್ರತಿಮೆ ಎದುರಾಗುತ್ತದೆ. ಗಡಹಿಂಗ್ಲಜ, ಇಚಲಕರಂಜಿಗಳಿಂದ ಪೇಟೆಯ ಕೆಲಸಕ್ಕೋ ಕಚೇರಿಯ ಕೆಲಸಕ್ಕೋ ಕೊಲ್ಲಾಪುರಕ್ಕೆ ಹೋಗಿಬರುವ ನಮ್ಮ ಭಾಗದ ಜನರಿಗೆ ಆ ಪ್ರತಿಮೆ ಚಿರಪರಿಚಿತ. ಆದರೆ ಪ್ರತಿಮೆಯು ಒಂದು ಬಾಳಿನ ಒಂದು ಗಳಿಗೆಯನ್ನಷ್ಟೇ ಹಿಡಿದಿಡಬಲ್ಲದು. ಎಂಬತ್ತಾರು ವರ್ಷ ಬದುಕಿದ ತಾರಾರಾಣಿಯವರು ಯುದ್ಧದ ಸೂತ್ರ ಹಿಡಿದದ್ದು ಏಳೆಂಟು ವರ್ಷ. ಬಂಧನದಲ್ಲಿಯೂ ಕಾವಲಿನಲ್ಲಿಯೂ ಕಳೆದದ್ದು ಮೂವತ್ತೈದು ವರ್ಷ. ಅಧಿಕಾರ ಕೈತಪ್ಪಿದ ಮೇಲೂ ಮತ್ತೆ ಮತ್ತೆ ಎದ್ದು ಬಂದ ಆ ಬಾಳನ್ನು ಮೊದಲಿನಿಂದ ಕೊನೆಯವರೆಗೆ ನೋಡಿದಾಗ, ರಾಜಕೀಯದಲ್ಲಿ ಮರಳಿ ಬರುವುದೆಂದರೆ ಏನು, ಯಾವ ಮರಳುವಿಕೆ ಫಲ ಕೊಡುತ್ತದೆ, ಯಾವುದು ಬರಿದಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ತಾರಾಬಾಯಿಯವರು ಹುಟ್ಟಿದ್ದು 1675ರಲ್ಲಿ, ಶಿವಾಜಿ ಮಹಾರಾಜರ ಪಟ್ಟಾಭಿಷೇಕವಾದ ಮರುವರ್ಷ. ತಂದೆ ಹಂಬೀರರಾವ ಮೋಹಿತೆಯವರು ಮಹಾರಾಜರ ಸೈನ್ಯದ ಸರನೌಬತರು, ಅಂದರೆ ಸರ್ವಸೇನಾಧಿಪತಿಗಳು. ಹಂಬೀರರಾಯರ ತಂಗಿ ಸೋಯರಾಬಾಯಿಯವರು ಮಹಾರಾಜರ ರಾಣಿ; ಅವರ ಮಗನೇ ರಾಜಾರಾಮರು. ಹೀಗೆ ಸೋದರತ್ತೆಯ ಮಗನನ್ನೇ ವರಿಸಿ ತಾರಾಬಾಯಿಯವರು ಭೋಸಲೆ ಮನೆತನದ ಸೊಸೆಯಾದರು. 1680ರಲ್ಲಿ ಶಿವಾಜಿ ಮಹಾರಾಜರು ತೀರಿಕೊಂಡಾಗ ಪಟ್ಟದ ಪ್ರಶ್ನೆ ಎದ್ದಿತು. ಹಂಬೀರರಾಯರು ಸ್ವಂತ ತಂಗಿಯ ಮಗನ ಪರ ನಿಲ್ಲದೆ, ಹಿರಿಯ ರಾಜಪುತ್ರರಾದ ಸಂಭಾಜಿಯವರ ಪರ ನಿಂತರು. ರಕ್ತಸಂಬಂಧಕ್ಕಿಂತ ರಾಜ್ಯ ದೊಡ್ಡದೆಂದು ತೋರಿಸಿದ ಅವರು 1687ರ ಡಿಸೆಂಬರಿನಲ್ಲಿ ವಾಯಿಯ ಬಳಿ ಮೊಗಲರೊಡನೆ ಕಾದಾಡುತ್ತಲೇ ಮಡಿದರು. ತಂದೆಯ ಆ ನಿರ್ಧಾರವನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮಗಳ ಬಾಳಿನಲ್ಲಿ ಅದೇ ಪ್ರಶ್ನೆ ಎರಡು ಸಲ ಎದುರಾಗಲಿದೆ.

1689ರಲ್ಲಿ ಸಂಕಟ ಒಮ್ಮೆಗೇ ಮುಗಿಬಿದ್ದಿತು. ಔರಂಗಜೇಬನ ಸೈನ್ಯ ಸಂಭಾಜಿ ಮಹಾರಾಜರನ್ನು ಸೆರೆಹಿಡಿದು ಮಾರ್ಚ್ ತಿಂಗಳಲ್ಲಿ ಕೊಲ್ಲಿಸಿತು. ಅದೇ ವರ್ಷ ರಾಯಗಡ ಬಿದ್ದು, ಮಹಾರಾಣಿ ಯೇಸೂಬಾಯಿಯವರೂ ಏಳು ವರ್ಷದ ಮಗ ಶಾಹುವೂ ಮೊಗಲರ ಸೆರೆಯಾಳುಗಳಾದರು. ರಾಜಾರಾಮರು ವೇಷ ಮರೆಸಿಕೊಂಡು ಪನ್ಹಾಳಾ ಕೋಟೆಯಿಂದ ಹೊರಬಿದ್ದು ದಕ್ಷಿಣದ ಜಿಂಜಿಯತ್ತ ಸಾಗಿದರು. ದಾರಿಯಲ್ಲಿ ಅವರಿಗೆ ಆಸರೆಯಿತ್ತವರು ಕನ್ನಡ ನಾಡಿನ ಕೆಳದಿಯ ರಾಣಿ ಚೆನ್ನಮ್ಮಾಜಿಯವರು. ಶರಣು ಬಂದವರನ್ನು ಬಿಟ್ಟುಕೊಡದೆ ಮುಂದಕ್ಕೆ ದಾಟಿಸಿದ ತಪ್ಪಿಗೆ ಅವರು ಔರಂಗಜೇಬನ ದಂಡಯಾತ್ರೆಯನ್ನೂ ಎದುರಿಸಬೇಕಾಯಿತು. ಒಬ್ಬ ರಾಣಿ ಉಳಿಸಿಕೊಟ್ಟ ರಾಜವಂಶವನ್ನು ಹನ್ನೊಂದು ವರ್ಷಗಳ ನಂತರ ಇನ್ನೊಬ್ಬ ರಾಣಿ ಕೈಹಿಡಿದು ನಡೆಸಬೇಕಾಗಿ ಬಂದದ್ದು ನಮ್ಮ ಎರಡೂ ನುಡಿಗಳವರು ಒಟ್ಟಾಗಿ ನೆನೆಯಬೇಕಾದ ಸಂಗತಿ.

ಮುಂದೆ ತಾರಾಬಾಯಿಯವರೂ ಜಿಂಜಿಯನ್ನು ಸೇರಿದರು. ಮೊಗಲರ ದೀರ್ಘ ಮುತ್ತಿಗೆಯ ನಡುವೆಯೇ 1696ರ ಜೂನ್ ತಿಂಗಳಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಅಜ್ಜನ ಹೆಸರಿನಂತೆ ಶಿವಾಜಿ ಎಂದೇ ಹೆಸರಿಟ್ಟರು. 1698ರ ಆರಂಭದಲ್ಲಿ ಜಿಂಜಿ ಮೊಗಲರ ವಶವಾಯಿತು. ಅಷ್ಟರೊಳಗೆ ಪಾರಾಗಿದ್ದ ರಾಜಾರಾಮರು ಸ್ವದೇಶಕ್ಕೆ ಮರಳಿದರಾದರೂ ದಣಿದ ದೇಹ ಹೆಚ್ಚು ಕಾಲ ತಾಳಲಿಲ್ಲ. 1700ರ ಮಾರ್ಚ್ 2ರಂದು ಸಿಂಹಗಡದಲ್ಲಿ ಅವರು ಕಣ್ಮುಚ್ಚಿದರು. ಎರಡು ತಿಂಗಳೂ ಕಳೆಯುವ ಮೊದಲೇ ಸಾತಾರಾ ಕೋಟೆಯೂ ಕೈಬಿಟ್ಟಿತು. ಮರಾಠರ ರಾಜ್ಯದ ಕಥೆ ಇಲ್ಲಿಗೆ ಮುಗಿಯಿತೆಂದು ಬಾದಶಹನ ಬಿಡಾರದಲ್ಲಿ ಹಲವರು ಭಾವಿಸಿದ್ದರೆ ಅದು ಸಹಜವೇ ಆಗಿತ್ತು.

ಆಗ ತಾರಾರಾಣಿಯವರಿಗೆ ಇಪ್ಪತ್ತೈದು ವರ್ಷ. ನಾಲ್ಕು ವರ್ಷವೂ ತುಂಬದ ಮಗನನ್ನು ಗಾದಿಯ ಮೇಲೆ ಕೂರಿಸಿ ಅವರು ರಾಜ್ಯಭಾರವನ್ನು ತಾವೇ ವಹಿಸಿಕೊಂಡರು. ಒಂದು ಕೋಟೆಯಲ್ಲಿ ನೆಲೆ ನಿಲ್ಲದೆ ಕೋಟೆಯಿಂದ ಕೋಟೆಗೆ ಸಂಚರಿಸುತ್ತ, ಸರದಾರರನ್ನು ಕೂಡಿಸುತ್ತ, ಯಾರು ಎಲ್ಲಿಗೆ ಹೋಗಬೇಕು, ಯಾವ ಪ್ರಾಂತದಿಂದ ಹಣ ತರಬೇಕು ಎಂಬುದನ್ನೆಲ್ಲ ನಿರ್ಧರಿಸುತ್ತ ಏಳು ವರ್ಷ ಹೋರಾಟ ನಡೆಸಿದರು. ರಾಮಚಂದ್ರಪಂತ ಅಮಾತ್ಯರು, ಪರಶುರಾಮಪಂತ ಪ್ರತಿನಿಧಿಗಳು, ಸೇನಾಪತಿ ಧನಾಜಿ ಜಾಧವರು ಅವರೊಡನಿದ್ದರು. ಅವರಲ್ಲಿ ಪರಸ್ಪರ ಅಸೂಯೆ ಇರಲಿಲ್ಲವೆಂದಲ್ಲ. ಅವರನ್ನೆಲ್ಲ ಒಂದೇ ಕೆಲಸಕ್ಕೆ ಹೂಡಿ ನಡೆಸಿದ್ದು ರಾಣಿಯ ಸಾಮರ್ಥ್ಯ.

ಈ ಹೋರಾಟದ ಅರ್ಥಶಾಸ್ತ್ರವನ್ನು ತಿಳಿಯದೆ ಅದರ ಗೆಲುವು ಅರ್ಥವಾಗುವುದಿಲ್ಲ. ಔರಂಗಜೇಬನು 1681ರಲ್ಲಿ ದಕ್ಷಿಣಕ್ಕೆ ಇಳಿದವನು ಮತ್ತೆ ಉತ್ತರಕ್ಕೆ ಹಿಂದಿರುಗಲೇ ಇಲ್ಲ. 1701ರಲ್ಲಿ ಪನ್ಹಾಳಾ, 1702ರಲ್ಲಿ ವಿಶಾಳಗಡ, 1703ರಲ್ಲಿ ಸಿಂಹಗಡ, 1704ರಲ್ಲಿ ರಾಜಗಡ, ತೋರಣಾ ಹೀಗೆ ಒಂದೊಂದಾಗಿ ಕೋಟೆಗಳನ್ನು ತೆಗೆದುಕೊಂಡನು. ಆದರೆ ಒಂದೊಂದು ಕೋಟೆಗೂ ತಿಂಗಳುಗಟ್ಟಲೆ ಮುತ್ತಿಗೆ, ಮಳೆಗಾಲದಲ್ಲಿ ಸಾಯುವ ಎತ್ತು ಕುದುರೆಗಳು, ದೂರದಿಂದ ಬರಬೇಕಾದ ಧಾನ್ಯ. ಎಷ್ಟೋ ಕಡೆ ಕಿಲ್ಲೇದಾರರಿಗೆ ಹಣ ಕೊಟ್ಟೇ ಕೋಟೆಯನ್ನು ಬಿಡಿಸಿಕೊಳ್ಳಬೇಕಾಗುತ್ತಿತ್ತು. ಮರಾಠರು ಆದಷ್ಟು ಕಾಲ ತಡೆದು, ಹಣ ಪಡೆದು ಇಳಿದು ಹೋಗಿ, ಒಳಗಿನ ದಾಸ್ತಾನು ಬರಿದಾದ ಮೇಲೆ ಮತ್ತೆ ಹತ್ತಿ ಅದನ್ನೇ ಗೆಲ್ಲುತ್ತಿದ್ದರು. ಪನ್ಹಾಳಾ ಕೂಡ ಕೆಲವೇ ವರ್ಷಗಳಲ್ಲಿ ಹೀಗೆ ಮರಳಿ ಬಂದಿತು. ಇತ್ತ ಬಾದಶಹನ ಬೊಕ್ಕಸ ಕರಗುತ್ತಿದ್ದರೆ, ಅತ್ತ ಮರಾಠ ದಳಗಳು ಮೊಗಲರ ಪ್ರಾಂತಗಳಲ್ಲಿಯೇ ಕಂದಾಯದ ನಾಲ್ಕನೆಯ ಒಂದು ಭಾಗವನ್ನು ಚೌಥ ಎಂದೂ, ಹತ್ತನೆಯ ಒಂದು ಭಾಗವನ್ನು ಸರದೇಶಮುಖಿ ಎಂದೂ ಎತ್ತುತ್ತಿದ್ದವು. ನೇಮಾಜಿ ಶಿಂದೆಯವರು ನರ್ಮದೆಯನ್ನು ದಾಟಿ ಮಾಳವಕ್ಕೆ ನುಗ್ಗಿದರು. 1706ರಲ್ಲಿ ಧನಾಜಿ ಜಾಧವರು ಗುಜರಾತಿನಲ್ಲಿ ಮೊಗಲ ಸೈನ್ಯವನ್ನು ಸೋಲಿಸಿದರು. ಯುದ್ಧದ ಖರ್ಚು ಶತ್ರುವಿನ ನೆಲದ ಮೇಲೆ ಬಿದ್ದಿತು.

ಔರಂಗಜೇಬನ ಕೊನೆಯ ಮುತ್ತಿಗೆ ನಡೆದದ್ದೂ ಕನ್ನಡ ನೆಲದಲ್ಲಿಯೇ. 1705ರಲ್ಲಿ ಸುರಪುರದ ಬೇಡ ನಾಯಕರ ವಾಗಿನಗೇರಾ ಕೋಟೆಯ ಮುಂದೆ ಅವನು ತಾನೇ ಬಂದು ನಿಂತನು. ಅಲ್ಲಿ ಬೇಡರ ನೆರವಿಗೆ ಧಾವಿಸಿದವರಲ್ಲಿ ಧನಾಜಿ ಜಾಧವರ ಮರಾಠ ದಳವಿತ್ತು. ಕೋಟೆ ಸಿಕ್ಕಿತು, ನಾಯಕ ಸಿಕ್ಕಲಿಲ್ಲ. ಎರಡು ವರ್ಷಗಳ ನಂತರ, 1707ರಲ್ಲಿ, ಮುದಿ ಬಾದಶಹನು ಅಹಮದನಗರದಲ್ಲಿ ತೀರಿಕೊಂಡನು. ಮುಗಿಯಿತೆಂದು ಎಣಿಸಿದ್ದ ರಾಜ್ಯ ಏಳು ವರ್ಷಗಳಲ್ಲಿ ಮರಳಿ ನಿಂತಿತ್ತು. ತಾರಾರಾಣಿಯವರ ಬಾಳಿನ ಮೊದಲ ಪುನರಾಗಮನ ಇದು. ಇದು ಅವರೊಬ್ಬರದಲ್ಲ, ಇಡೀ ರಾಜ್ಯದ ಪುನರಾಗಮನ.

ಗೆದ್ದ ಗಳಿಗೆಯಲ್ಲಿಯೇ ಸೋಲು ಕಾದಿತ್ತು. ಉತ್ತರದತ್ತ ಹೊರಟ ಮೊಗಲ ರಾಜಕುಮಾರ ಆಜಮಶಹನು ಹದಿನೆಂಟು ವರ್ಷಗಳಿಂದ ಸೆರೆಯಲ್ಲಿದ್ದ ಶಾಹುವನ್ನು ದಾರಿಯಲ್ಲಿ ಬಿಟ್ಟುಕೊಟ್ಟನು. ಮರಾಠರು ಒಳಜಗಳದಲ್ಲಿ ಮುಳುಗಲಿ ಎಂಬುದು ಮೊಗಲರ ಲೆಕ್ಕಾಚಾರ. ಬಂದಿರುವವನು ನಿಜವಾದ ಶಾಹುವಲ್ಲ, ವೇಷಧಾರಿ ಎಂದು ತಾರಾರಾಣಿಯವರು ಸಾರಿದರು. ಒಂದು ವೇಳೆ ನಿಜವಾದವನೇ ಆದರೂ ಸಂಭಾಜಿಯವರ ಕಾಲದಲ್ಲಿ ಹೋದ ರಾಜ್ಯವನ್ನು ಮತ್ತೆ ಗಳಿಸಿದವರು ತಮ್ಮ ಪತಿ ಮತ್ತು ತಾವು. ಆದುದರಿಂದ ಅದು ತಮ್ಮ ಮಗನದೇ ಎಂಬುದು ಅವರ ವಾದವಾಗಿತ್ತು. ವಾದದಲ್ಲಿ ಬಲವಿತ್ತು. ಆದರೆ ಹಿರಿಯ ಮನೆತನದ ವಾರಸುದಾರನೇ ಕಣ್ಮುಂದೆ ಬಂದು ನಿಂತಾಗ ಸರದಾರರ ಮನಸ್ಸು ಅಲುಗಿತು. ಹಿಂದೆ ಹಂಬೀರರಾಯರ ಮುಂದಿದ್ದ ಪ್ರಶ್ನೆಯೇ ಮಗಳ ಮುಂದೆ ಬಂದಿತು. ಮಗಳು ತಂದೆಯಂತೆ ಉತ್ತರಿಸಲಿಲ್ಲ. 1707ರ ಅಕ್ಟೋಬರಿನಲ್ಲಿ ಭೀಮೆಯ ದಡದ ಖೇಡದಲ್ಲಿ ಎರಡೂ ಸೈನ್ಯಗಳು ಎದುರಾದಾಗ ಧನಾಜಿ ಜಾಧವರು ಶಾಹು ಮಹಾರಾಜರ ಪಕ್ಷಕ್ಕೆ ಹೋದರು. 1708ರ ಜನವರಿಯಲ್ಲಿ ಸಾತಾರಾದಲ್ಲಿ ಶಾಹು ಮಹಾರಾಜರ ಪಟ್ಟಾಭಿಷೇಕವಾಯಿತು.

ತಾರಾರಾಣಿಯವರು ದಕ್ಷಿಣಕ್ಕೆ ಸರಿದರು. ಬೆನ್ನಟ್ಟಿ ಬಂದ ಶಾಹು ಮಹಾರಾಜರು ಪನ್ಹಾಳಾವನ್ನು ಹಿಡಿದರು. ರಾಣಿ ಸಹ್ಯಾದ್ರಿಯ ಅಂಚಿನ ರಾಂಗಣಾ ಕೋಟೆಯನ್ನು ಸೇರಿದರು. ಅದಕ್ಕೂ ಮುತ್ತಿಗೆ ಬಿದ್ದಿತು. ನಮ್ಮ ಪಡುವಣ ಘಟ್ಟದ ಮಳೆಯನ್ನು ಬಲ್ಲವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. ಮುತ್ತಿಗೆ ತೆರವಾಯಿತು, ಸೈನ್ಯ ಸಾತಾರಾಕ್ಕೆ ಹಿಂದಿರುಗಿತು, ತಾರಾರಾಣಿಯವರು ಮತ್ತೆ ಪನ್ಹಾಳಾವನ್ನು ಗೆದ್ದುಕೊಂಡರು. 1710ರಲ್ಲಿ ಮಗ ಶಿವಾಜಿಯ ಹೆಸರಿನಲ್ಲಿ ಅಲ್ಲಿ ಪ್ರತ್ಯೇಕ ಗಾದಿಯನ್ನು ಸ್ಥಾಪಿಸಿದರು. ಐದು ಶತಮಾನಗಳ ಹಿಂದೆ ಶಿಲಾಹಾರ ಭೋಜರಾಜನು ಆಳಿದ್ದ ಆ ಬೆಟ್ಟ ಹೀಗೆ ಮತ್ತೊಮ್ಮೆ ರಾಜಧಾನಿಯಾಯಿತು. ಕರವೀರ ಸಂಸ್ಥಾನದ, ಎಂದರೆ ಕೊಲ್ಲಾಪುರ ರಾಜ್ಯದ, ಆರಂಭ ಇದೇ. ಇದು ಅವರ ಎರಡನೆಯ ಪುನರಾಗಮನ.

ಗಾದಿ ಎರಡಾದದ್ದರ ಬಿಸಿ ನಮ್ಮ ಊರುಗಳಿಗೂ ತಾಗಿತು. ಸೇನಾಪತಿ ಸಂತಾಜಿ ಘೋರ್ಪಡೆಯವರ ಕಾಪಶಿಯ ಮನೆತನದಲ್ಲಿ ಸೇವೆಗೆ ನಿಂತು, ಅವರ ಅಡ್ಡಹೆಸರನ್ನೇ ತಮ್ಮದಾಗಿಸಿಕೊಂಡ ನಾರೋ ಮಹಾದೇವರಿಂದ ಇಚಲಕರಂಜಿಯ ಜಹಗೀರು ಬೆಳೆಯಿತು. ನಾರೋಪಂತರ ಮಗ ವೆಂಕಟರಾಯರು ಸಾತಾರಾದ ಪೇಶ್ವೆ ಬಾಳಾಜಿ ವಿಶ್ವನಾಥರ ಮಗಳು ಅನುಬಾಯಿಯವರನ್ನು ಮದುವೆಯಾದರು. ನೆಲ ಕೊಲ್ಲಾಪುರದ ಮಗ್ಗುಲಲ್ಲಿ, ನೆಂಟಸ್ತಿಕೆ ಪೇಶ್ವೆಯವರಲ್ಲಿ. ಇಂತಹ ಇಕ್ಕಟ್ಟು ಪಂಚಗಂಗೆಯಿಂದ ಹಿರಣ್ಯಕೇಶಿಯವರೆಗಿನ ಎಷ್ಟೋ ಮನೆತನಗಳನ್ನು ಕಾಡಿತು.

ಎರಡನೆಯ ಪತನ ಹೊರಗಿನಿಂದ ಬರಲಿಲ್ಲ, ಅರಮನೆಯೊಳಗಿನಿಂದಲೇ ಬಂದಿತು. ರಾಜಾರಾಮರ ಇನ್ನೊಬ್ಬ ರಾಣಿ ರಾಜಸಬಾಯಿಯವರು 1714ರಲ್ಲಿ ತಮ್ಮ ಮಗ ಸಂಭಾಜಿಯವರನ್ನು ಕೊಲ್ಲಾಪುರದ ಗಾದಿಗೇರಿಸಿ, ತಾರಾರಾಣಿಯವರನ್ನೂ ಅವರ ಮಗನನ್ನೂ ಪನ್ಹಾಳಾದಲ್ಲಿಯೇ ಸೆರೆಯಲ್ಲಿಟ್ಟರು. ತಾವೇ ಕಟ್ಟಿದ ರಾಜಧಾನಿ ತಮಗೇ ಸೆರೆಮನೆಯಾಯಿತು. 1726ರಲ್ಲಿ ಮಗ ಶಿವಾಜಿ ಸೆರೆಯಲ್ಲಿಯೇ ತೀರಿಕೊಂಡನು. ಹದಿನಾರು ವರ್ಷಗಳ ಬಂಧನದ ನಂತರ, 1730ರಲ್ಲಿ, ವಾರಣಾ ನದಿಯ ಬಳಿ ಶಾಹು ಮಹಾರಾಜರ ಸೈನ್ಯ ಸಂಭಾಜಿಯವರನ್ನು ಸೋಲಿಸಿತು. ಸೆರೆಸಿಕ್ಕ ಕೊಲ್ಲಾಪುರದ ರಾಜಸ್ತ್ರೀಯರನ್ನು ಗೌರವದಿಂದ ಹಿಂದಕ್ಕೆ ಕಳುಹಲಾಯಿತು. ತಾರಾರಾಣಿಯವರು ಮಾತ್ರ ಪನ್ಹಾಳಾಕ್ಕೆ ಮರಳಲೊಪ್ಪದೆ ಸಾತಾರಾಕ್ಕೆ ಹೋದರು. 1731ರ ವಾರಣಾ ಒಪ್ಪಂದವು ಆ ನದಿಯನ್ನು ಎರಡು ರಾಜ್ಯಗಳ ಗಡಿಯಾಗಿ ನಿಲ್ಲಿಸಿ, ದಕ್ಷಿಣದ ಭಾಗವನ್ನು ಕೊಲ್ಲಾಪುರಕ್ಕೆ ಬಿಟ್ಟುಕೊಟ್ಟಿತು. ರಾಣಿ ಸ್ಥಾಪಿಸಿದ ಗಾದಿಗೆ ಮಾನ್ಯತೆ ದೊರೆತಾಗ ರಾಣಿಯೇ ಆ ಗಾದಿಯ ಹೊರಗಿದ್ದರು.

ಸಾತಾರಾ ಕೋಟೆಯ ಕಾವಲಿನಲ್ಲಿ ಮತ್ತೆ ಹತ್ತೊಂಬತ್ತು ವರ್ಷ ಕಳೆದವು. ಶಾಹು ಮಹಾರಾಜರಿಗೆ ಗಂಡುಮಕ್ಕಳು ಉಳಿಯಲಿಲ್ಲ. ಅವರ ಕೊನೆಗಾಲದಲ್ಲಿ ತಾರಾರಾಣಿಯವರು ಒಂದು ರಹಸ್ಯವನ್ನು ಹೊರಗೆಡಹಿದರು: ತೀರಿಹೋದ ತಮ್ಮ ಮಗನಿಗೆ ಒಬ್ಬ ಮಗನಿದ್ದಾನೆ, ರಾಜಸಬಾಯಿಯವರ ಭಯದಿಂದ ಅವನನ್ನು ಗುಟ್ಟಾಗಿ ಬೆಳೆಸಲಾಗಿದೆ ಎಂದು. 1749ರ ಡಿಸೆಂಬರ್ 15ರಂದು ಶಾಹು ಮಹಾರಾಜರು ತೀರಿಕೊಂಡರು. ಮರುತಿಂಗಳು ಆ ಮೊಮ್ಮಗ ರಾಮರಾಜರೆಂಬ ಹೆಸರಿನಿಂದ ಸಾತಾರಾದ ಛತ್ರಪತಿಯಾದರು. ಎಪ್ಪತ್ತನಾಲ್ಕರ ವಯಸ್ಸಿನಲ್ಲಿ, ನಲವತ್ತೆರಡು ವರ್ಷಗಳ ಹಿಂದೆ ತಮ್ಮನ್ನು ಸೋಲಿಸಿದ ಗಾದಿಯ ಹಿಂದೆಯೇ ತಾರಾರಾಣಿಯವರು ಬಂದು ನಿಂತರು. ಮೂರನೆಯ ಪುನರಾಗಮನ ಇದು.

ಆದರೆ ಕಾಲ ಬದಲಾಗಿತ್ತು. ರಾಜ್ಯದ ಸೈನ್ಯ, ಕಂದಾಯ, ಸಾಲ, ಪತ್ರವ್ಯವಹಾರ ಎಲ್ಲವೂ ಪುಣೆಯಲ್ಲಿ ಪೇಶ್ವೆ ಬಾಳಾಜಿ ಬಾಜೀರಾಯರ ಕೈಯಲ್ಲಿದ್ದವು. 1750ರ ಸೆಪ್ಟೆಂಬರಿನಲ್ಲಿ ಸಾಂಗೋಲೆಯಲ್ಲಿ ರಾಮರಾಜರು ಅಧಿಕಾರವನ್ನು ಬಹುಮಟ್ಟಿಗೆ ಪೇಶ್ವೆಯವರಿಗೆ ಒಪ್ಪಿಸಿದರು. ಪೇಶ್ವೆಯವರನ್ನು ತೆಗೆಯಬೇಕೆಂದು ಅಜ್ಜಿ ಪಟ್ಟು ಹಿಡಿದರು, ಮೊಮ್ಮಗ ಒಪ್ಪಲಿಲ್ಲ. ನವೆಂಬರ್ 24ರಂದು ತಾರಾರಾಣಿಯವರು ಮೊಮ್ಮಗನನ್ನೇ ಸಾತಾರಾ ಕೋಟೆಯಲ್ಲಿ ಸೆರೆಯಲ್ಲಿಟ್ಟರು. ಅವರ ಕರೆಗೆ ಓಗೊಟ್ಟು ಗುಜರಾತಿನಿಂದ ದಮಾಜಿ ಗಾಯಕವಾಡರು ಸೈನ್ಯದೊಡನೆ ಬಂದು ಆರಂಭದಲ್ಲಿ ಗೆದ್ದರೂ, 1751ರ ಬೇಸಿಗೆಯಲ್ಲಿ ಪೇಶ್ವೆಯವರ ಕೈಗೆ ಸೆರೆಸಿಕ್ಕರು. ಉಳಿದ ಸರದಾರರು ಕದಲಲಿಲ್ಲ. ಅರ್ಧ ಶತಮಾನದ ಹಿಂದೆ ಒಂದು ಕರೆಗೆ ನಾಲ್ಕು ದಿಕ್ಕಿನಿಂದ ಕುದುರೆಗಳು ಕೂಡಿದ್ದವು; ಈಗ ಕೋಟೆಯೊಳಗಿನ ಕಾವಲಿನವರೇ ತಿರುಗಿಬೀಳುವಂತಾಯಿತು. 1752ರ ಸೆಪ್ಟೆಂಬರಿನಲ್ಲಿ ಜೇಜುರಿಯ ಖಂಡೋಬಾ ದೇವಾಲಯದಲ್ಲಿ ರಾಣಿಯೂ ಪೇಶ್ವೆಯವರೂ ಆಣೆಯಿಟ್ಟು ಒಪ್ಪಂದ ಮಾಡಿಕೊಂಡರು. ಅಲ್ಲಿಯೇ ರಾಮರಾಜರು ತಮ್ಮ ಮೊಮ್ಮಗನಲ್ಲವೆಂದು ತಾರಾರಾಣಿಯವರು ದೇವರ ಮುಂದೆ ನುಡಿದರು.

ಜೀವನಚರಿತ್ರೆ ಬರೆಯುವವರು ಈ ಸ್ಥಳದಲ್ಲಿ ಕಣ್ಣು ತಪ್ಪಿಸಬಾರದು. ರಾಮರಾಜರು ನಿಜವಾದ ಮೊಮ್ಮಗನೇ ಎಂಬುದು ಅನೇಕ ಇತಿಹಾಸಕಾರರ ಅಭಿಪ್ರಾಯ. ನಿಜವಾದರೆ ಜೇಜುರಿಯ ಮಾತು ಸುಳ್ಳು. ಅಲ್ಲವಾದರೆ ಮೂರು ವರ್ಷಗಳ ಹಿಂದಿನ ಮಾತು ಸುಳ್ಳು. ಛತ್ರಪತಿಯ ಅಧಿಕಾರ ಪೇಶ್ವೆಯ ಕೈಗೆ ಹೋಗುತ್ತಿದೆ ಎಂಬ ಅವರ ಆತಂಕ ಸರಿಯಾದದ್ದೇ. ಆದರೆ ಅದನ್ನು ತಡೆಯಲು ಛತ್ರಪತಿಯನ್ನೇ ಸೆರೆಯಲ್ಲಿಟ್ಟದ್ದರಿಂದ, ಅವರ ಹುಟ್ಟನ್ನೇ ಸಂಶಯಕ್ಕೆ ಒಡ್ಡಿದ್ದರಿಂದ ಆ ಪೀಠದ ತೂಕ ಇನ್ನಷ್ಟು ಇಳಿದು, ಅಧಿಕಾರ ಇನ್ನೂ ಬೇಗ ಪುಣೆಗೆ ಹೋಯಿತು. ಮೊದಲ ಬಾರಿ ಅವರು ಮರಳಿದ್ದು ರೈತನ, ಸವಾರನ, ಕಿಲ್ಲೇದಾರನ ಹಿತವನ್ನು ತಮ್ಮ ಹಿತದೊಡನೆ ಹೊಸೆದುಕೊಂಡು. ಕೊನೆಯ ಬಾರಿ ಅವರ ಕೈಯಲ್ಲಿದ್ದದ್ದು ಒಂದು ಹಕ್ಕಿನ ಮಾತು ಮಾತ್ರ. ಆ ಮಾತನ್ನೂ ಅವರೇ ಮುರಿದರು.

ಲೋಕದ ಇತಿಹಾಸದಲ್ಲಿ ಇಂತಹ ಮರಳುವಿಕೆಗಳು ಹಲವು. ಎಲ್ಬಾ ದ್ವೀಪದಿಂದ 1815ರ ಮಾರ್ಚಿನಲ್ಲಿ ಪ್ಯಾರಿಸ್ಸಿಗೆ ಮರಳಿದ ನೆಪೋಲಿಯನ್ ಮೂರು ತಿಂಗಳಲ್ಲಿ ವಾಟರ್ಲೂವಿನಲ್ಲಿ ಕೊನೆಗೊಂಡನು. ಫ್ರಾನ್ಸ್ ದಣಿದಿತ್ತು, ಯುರೋಪ್ ಒಂದಾಗಿತ್ತು. 1977ರಲ್ಲಿ ಸೋತ ಇಂದಿರಾ ಗಾಂಧಿಯವರು ಮರುವರ್ಷ ನಮ್ಮ ಚಿಕ್ಕಮಗಳೂರಿನ ಉಪಚುನಾವಣೆಯಿಂದ ಲೋಕಸಭೆಗೆ ಮರಳಿ, 1980ರಲ್ಲಿ ಮತ್ತೆ ಪ್ರಧಾನಿಯಾದರು. ಅವರನ್ನು ಕರೆತಂದದ್ದು ಮತದಾರರು. ಯುಗ ಬೇರೆ, ವಿಧಾನ ಬೇರೆಯಾದರೂ ಅಳತೆಗೋಲು ಒಂದೇ. ಮರಳಿ ಬಂದವರ ಹಿಂದೆ ಎಷ್ಟು ಜನರಿದ್ದಾರೆ, ಬಂದು ಅವರು ಯಾವ ಕೆಲಸಕ್ಕೆ ನಿಲ್ಲುತ್ತಾರೆ ಎಂಬುದನ್ನೇ ಕಾಲ ಕೇಳುತ್ತದೆ.

ತಾರಾರಾಣಿಯವರು 1761ರ ಡಿಸೆಂಬರಿನಲ್ಲಿ ಸಾತಾರಾದಲ್ಲಿ ಕಣ್ಮುಚ್ಚಿದರು. ಅದೇ ವರ್ಷದ ಜನವರಿಯಲ್ಲಿ ಪಾನಿಪತದ ದುರಂತ ನಡೆದಿತ್ತು; ಜೂನ್ ತಿಂಗಳಲ್ಲಿ ಬಾಳಾಜಿ ಬಾಜೀರಾಯರೂ ತೀರಿಕೊಂಡಿದ್ದರು. ಶಿವಾಜಿ ಮಹಾರಾಜರ ಕಾಲದಲ್ಲಿ ಹುಟ್ಟಿದ ಆ ಜೀವ ರಾಜ್ಯದ ಉದಯ, ಸಂಕಟ, ವಿಸ್ತಾರ, ಮಹಾಸೋಲು ಎಲ್ಲವನ್ನೂ ಕಂಡು ಹೋಯಿತು.

ಅವರು ಬಿಟ್ಟುಹೋದದ್ದರಲ್ಲಿ ಯಾವುದು ಉಳಿಯಿತು? ಮೂರನೆಯ ಬಾರಿ ಅವರು ಆಸೆಪಟ್ಟ ಸಾತಾರಾದ ಗಾದಿಯನ್ನು 1848ರಲ್ಲಿ ಕಂಪನಿ ಸರಕಾರ ದತ್ತಕವನ್ನು ಮನ್ನಿಸದೆ ನುಂಗಿತು. ಅವರು ಹೋರಾಡಿದ ಪೇಶ್ವೆಯವರ ಆಳ್ವಿಕೆ ಅದಕ್ಕೂ ಮೂವತ್ತು ವರ್ಷ ಮೊದಲೇ, 1818ರಲ್ಲಿ ಮುಗಿದಿತ್ತು. ಸೋತು ಓಡಿಬಂದ ಹೊತ್ತಿನಲ್ಲಿ ಮಳೆಯ ಬೆಟ್ಟಗಳ ನಡುವೆ ಸ್ಥಾಪಿಸಿದ ಕೊಲ್ಲಾಪುರದ ಗಾದಿ ಮಾತ್ರ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ವಿಲೀನವಾಗುವವರೆಗೂ ನಡೆಯಿತು. ಅದು ಅವರ ಸಂತಾನದಿಂದ ಮುಂದುವರಿಯಲಿಲ್ಲ. ಸವತಿಯ ಮಗ ಸಂಭಾಜಿಯವರು, ಅವರ ನಂತರ ಅವರ ಪತ್ನಿ ಜಿಜಾಬಾಯಿಯವರು, ಆಮೇಲೆ ದತ್ತಕವಾಗಿ ಬಂದವರು ಅದನ್ನು ನಡೆಸಿದರು. ಆ ದತ್ತಕ ಪರಂಪರೆಯಲ್ಲಿಯೇ ಮುಂದೆ ರಾಜರ್ಷಿ ಶಾಹು ಮಹಾರಾಜರು ಬಂದು, ಬಡವರ ಮಕ್ಕಳಿಗೆ ಶಾಲೆಯ ಬಾಗಿಲನ್ನೂ ವಸತಿಗೃಹದ ಬಾಗಿಲನ್ನೂ ತೆರೆದರು. ರಾಣಿಯ ಮೊದಲ ಗೆಲುವಿಗೆ ಕಾರಣರಾದ ಕೋಟೆಯ ಕಾವಲುಗಾರರ ಸ್ವಾಭಿಮಾನವೂ ಬೇಗ ಆರಲಿಲ್ಲ. 1844ರಲ್ಲಿ ಗಡಕರಿಗಳ ವಂಶಪಾರಂಪರ್ಯದ ಹಕ್ಕಿಗೆ ಕೈಹಾಕಿದಾಗ ಗಡಹಿಂಗ್ಲಜದ ಸಮೀಪದ ಸಾಮಾನಗಡದಲ್ಲಿಯೇ ಬಂಡಾಯದ ಕಿಡಿ ಮೊದಲು ಹೊತ್ತಿತು.

ಪನ್ಹಾಳಾಕ್ಕೆ ಮಕ್ಕಳನ್ನು ಕರೆದೊಯ್ಯುವ ಪಾಲಕರು, ಶಿಕ್ಷಕರು ಅಲ್ಲಿ ತಾರಾರಾಣಿಯವರ ವಾಡೆಯನ್ನು ತೋರಿಸದೆ ಬರಬಾರದು. ಆಜ್ಞೆಗಳು ಹೊರಟ ಆ ಗೋಡೆಗಳೊಳಗೆ ಮುಂದೆ ಶಾಲೆಯ ಪಾಠಗಳೂ ನಡೆದವು. ಒಬ್ಬರು ನೆಟ್ಟದ್ದನ್ನು ಇನ್ನೊಬ್ಬರು ನೀರೆರೆದು, ಸ್ವಂತದವರಲ್ಲದವರು ಬೆಳೆಸಿ, ಮುಂದಿನವರಿಗೆ ಒಪ್ಪಿಸುವಾಗಲೇ ಒಂದು ಸಂಸ್ಥೆಗೆ ಆಯುಷ್ಯ ಬರುತ್ತದೆ. ಗಡಿಯ ಈ ನೆಲದಲ್ಲಿ ನೂರು ವರ್ಷ ಕನ್ನಡದ ಅಕ್ಷರ ಕಲಿಸಿದ ಶಾಲೆಯ ಸ್ಮರಣ ಸಂಚಿಕೆಯಲ್ಲಿ ಕರವೀರದ ಮಹಾರಾಣಿಯ ಬಾಳು ಸ್ಥಾನ ಪಡೆಯುವುದು ಈ ಕಾರಣಕ್ಕಾಗಿಯೂ ಯುಕ್ತವಾಗಿದೆ.